ಬರೆಯದೆ ಉಳಿದ ಸ್ಲೈಡು

ಟಾಕೀಸು ಮುಚ್ಚುವ ಸುದ್ದಿ ಕ್ಷೌರದಂಗಡಿ, ಚಹಾದಂಗಡಿ, ಬಸ್ ನಿಲ್ದಾಣ ಎಲ್ಲ ಸುತ್ತಿ ಹಳತಾದ ಮೇಲೆ ಮಸಿಯಣ್ಣನ ಕಿವಿಗೆ ಬಿತ್ತು. ನಲವತ್ತೇಳು ವರ್ಷ ಅಲ್ಲೇ ದುಡಿದವನಿಗೆ ಎಲ್ಲರಿಗಿಂತ ಕೊನೆಗೆ ತಿಳಿಯಿತು ಎಂದರೆ ಊರಿಗೆ ಏನು ಹೇಳೋಣ. ಯಜಮಾನರ ಮಗಳು ಅವನನ್ನು ಆಫೀಸು ಕೋಣೆಗೆ ಕರೆಸಿ, ಕುರ್ಚಿ ಕೊಟ್ಟು, ನೀರು ಕೊಟ್ಟು, ಬರುವ ಭಾನುವಾರದ ಮ್ಯಾಟಿನಿಯೇ ಕೊನೆಯ ಆಟ ಎಂದಳು. ಕಟ್ಟಡ ಕೆಡವಿ ಅಂಗಡಿಗಳ ಸಾಲು ಕಟ್ಟುತ್ತಾರಂತೆ.

"ಇಲ್ಲಿ ಕೆಲಸ ಮಾಡಿದೋರೆಲ್ಲ ಮನೆಯವರನ್ನ ಕರ್ಕೊಂಡು ಬರ್ಬೇಕು ಮಸಿಯಣ್ಣ. ಅವತ್ತು ಟಿಕೆಟ್ ಇಲ್ಲ. ಯಾವುದಾದ್ರೂ ಹಳೇ ನಗಿಸೋ ಸಿನಿಮಾ ಹಾಕೋಣ."

ಅವನು ತಲೆಯಾಡಿಸಿದ. ಕೆಲಸ ಹೋಗುವುದು ಅವನಿಗೆ ದೊಡ್ಡ ಚಿಂತೆಯಾಗಿರಲಿಲ್ಲ. ಅರವತ್ತೆಂಟಾಗಿತ್ತು, ಬಾಲ್ಕನಿ ಮೆಟ್ಟಿಲು ಕಂಡರೆ ಮೊಣಕಾಲು ಮುನಿಸಿಕೊಳ್ಳುತ್ತಿತ್ತು. ಮನೆಯವರನ್ನು ಕರೆತನ್ನಿ ಎಂದದ್ದು ಮಾತ್ರ ಎದೆಯಲ್ಲಿ ನಾಟಿತು. ಅವನ ಹೆಂಡತಿ ಆ ಟಾಕೀಸಿನ ಹೊಸ್ತಿಲು ತುಳಿದು ಇಪ್ಪತ್ತೇಳು ವರ್ಷವಾಗಿತ್ತು. ಟಾಕೀಸಿನ ಬೀದಿಗೇ ಅವಳು ಬರುತ್ತಿರಲಿಲ್ಲ. ತರಕಾರಿಗೆ ಹೋಗುವಾಗಲೂ ಅಂಚೆ ಕಚೇರಿಯ ಕಡೆಯಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಇಂದಲ್ಲ ನಾಳೆ ಬಂದಾಳು, ಒಂದು ಸಲ ಬಂದು ಕೂತರೆ ಸಾಕು, ಆಮೇಲೆ ಹೇಗೋ ಮಾತು ಹೊರಬಿದ್ದೀತು ಎಂದು ಅವನು ಕಾಯುತ್ತ ಬಂದಿದ್ದ. ಇನ್ನು ಕಾಯಲು ಐದೇ ದಿನ ಉಳಿದಿತ್ತು.

ಟಾಕೀಸು ಮೊದಲು ಟಾಕೀಸಾಗಿರಲಿಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ಇದ್ದ ಒಬ್ಬ ಮರದ ವ್ಯಾಪಾರಿಯ ಗೋದಾಮು ಅದು. ಆ ಯಜಮಾನರಿಗೆ ಸಿನಿಮಾ ಹುಚ್ಚು. ವಾರಕ್ಕೆರಡು ಸಲ ಪಕ್ಕದ ಊರಿಗೆ ಹೋಗಿ ಬರುವ ಬದಲು ಸಿನಿಮಾವನ್ನೇ ಇಲ್ಲಿಗೆ ಕರೆಸಿದರೆ ಹೇಗೆ ಎಂದು ಹೊಳೆದ ದಿನವೇ ದಿಮ್ಮಿಗಳನ್ನೆಲ್ಲ ಬೀದಿಗೆ ಎಳೆಸಿಬಿಟ್ಟರಂತೆ. ಮಿಕ್ಕ ಹಲಗೆಗಳಲ್ಲಿ ಬೆಂಚು ಮಾಡಿಸಿದರು. ಬೆಂಚಿನ ಸಂದಿಯಲ್ಲಿ ತಿಗಣೆಗಳೂ ಬಿಟ್ಟಿ ಸಿನಿಮಾ ನೋಡತೊಡಗಿದವು. ಮುಂದೆ ಬಾಲ್ಕನಿ ಕಟ್ಟಿಸಿ, ಒರಗುವ ಕುರ್ಚಿ ಹಾಕಿಸಿ, ಮೂರು ಫ್ಯಾನು ತೂಗುಬಿಟ್ಟರು. ಅದರಲ್ಲೊಂದು ತಿರುಗುತ್ತಿದ್ದದ್ದು ಅವರ ನೆಂಟರು ಬಂದ ದಿನ ಮಾತ್ರ. ಆದರೂ ಊರು ಟಾಕೀಸನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಆಟ ಶುರುವಾಗುವಾಗ ಒಮ್ಮೆ, ಬಿಡುವಾಗ ಒಮ್ಮೆ ಮಾಡಿನ ಕೆಳಗೆ ಕಟ್ಟಿದ್ದ ಕಂಚಿನ ಗಂಟೆ ಹೊಡೆಯುತ್ತಿದ್ದರು. ಗಡಿಯಾರವಿಲ್ಲದ ಮನೆಗಳಲ್ಲಿ ಒಲೆ ಹಚ್ಚುವುದು, ಮಕ್ಕಳನ್ನು ಒಳಗೆ ಕರೆಯುವುದು, ರೋಗಿಗೆ ಔಷಧಿ ಕೊಡುವುದು ಎಲ್ಲ ಆ ಗಂಟೆ ಕೇಳಿಯೇ ನಡೆಯುತ್ತಿತ್ತು.

ಇಪ್ಪತ್ತೊಂದರ ವಯಸ್ಸಿನಲ್ಲಿ ಬೋರ್ಡು ಬರೆಯುತ್ತಿದ್ದವನನ್ನು ಯಜಮಾನರು ಕರೆದು ಜಾಹೀರಾತಿನ ಗಾಜು ಬರೆಯಲು ಹಚ್ಚಿದರು. ಅಂಗೈಯಗಲದ ಗಾಜಿನ ಮೇಲೆ ಬಟ್ಟೆಯಂಗಡಿ, ಚಪ್ಪಲಿಯಂಗಡಿ, ಹಲ್ಲಿನ ಡಾಕ್ಟರು. ಅದನ್ನು ಸಣ್ಣ ಸ್ಲೈಡ್ ಯಂತ್ರಕ್ಕೆ ತಲೆಕೆಳಗಾಗಿ ತೂರಿಸಿದರೆ ಪರದೆಯ ಮೇಲೆ ನೆಟ್ಟಗೆ ಬೀಳುತ್ತಿತ್ತು. ಅದು ಆಟಕ್ಕೆ ಮುಂಚಿನ ಕೆಲಸ. ಆಟದ ನಡುವಿನ ಕೆಲಸ ಬೇರೆ. ಒಳಗೆ ಕೂತ ಯಾರನ್ನಾದರೂ ಕರೆಯಲು ಹೊರಗೆ ಜನ ಬಂದರೆ ಹೆಸರು ಕೂಗುವಂತಿರಲಿಲ್ಲ; ಗಾಜಿನ ಮೇಲೆ ಬರೆದು ಓಡುವ ಸಿನಿಮಾದ ಮೇಲೆಯೇ ಬಿಡಬೇಕು. ಬಣ್ಣದಲ್ಲಿ ಬರೆದರೆ ಗಾಜಿನ ಬೆಳಕೆಲ್ಲ ನುಗ್ಗಿ ಸಿನಿಮಾ ಅಳಿಸಿಹೋಗುತ್ತಿತ್ತು. ಅದಕ್ಕೆ ಅವನು ಒಂದು ಉಪಾಯ ಕಂಡುಕೊಂಡ. ಸೀಮೆಎಣ್ಣೆ ದೀಪದ ಮೇಲೆ ಗಾಜು ಹಿಡಿದು ಮಸಿ ಕೂರಿಸುವುದು, ದಬ್ಬಣದ ತುದಿಯಿಂದ ಮಸಿಯನ್ನು ಗೀಚಿ ಅಕ್ಷರ ಮೂಡಿಸುವುದು. ಆಗ ಬೆಳಕು ಅಕ್ಷರದಲ್ಲಿ ಮಾತ್ರ ತೂರಿ ಬರುತ್ತದೆ, ನಾಯಕನ ಹಣೆಯ ಮೇಲೆ ಬಿಳಿ ಸಾಲೊಂದು ಓಡುತ್ತದೆ. ಒಂದೇ ನಿಮಿಷದ ಕೆಲಸ. ಬೆರಳುಗಳ ಕಪ್ಪು ಮದುವೆಯ ದಿನವೂ ಹೋಗಿರಲಿಲ್ಲ. ಮಸಿಯಣ್ಣ ಎಂಬ ಹೆಸರು ಹಾಗೆ ಅಂಟಿತು.

ಹೆಸರು ಬರೆಯುವ ಪದ್ಧತಿಯನ್ನೂ ಅವನೇ ಬಿಡಿಸಿದ. ಒಂದು ಹೆಸರು ಹಾಕಿದರೆ ಆ ಹೆಸರಿನ ಐದು ಜನ ಎದ್ದು ಬಾಗಿಲಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು. 'ಸೈಕಲ್ ಅಂಗಡಿಯವರ ಅಳಿಯ', 'ನೀರಿನ ಟ್ಯಾಂಕಿನ ಎದುರು ಮನೆಯ ಅಜ್ಜಿ' ಎಂದು ಬರೆದರೆ ಆ ತಾಪತ್ರಯವಿಲ್ಲ. ಮಾಮೂಲಿ ವಿಷಯವಾದರೆ ಕಾರಣವನ್ನೂ ಬರೆಯುತ್ತಿದ್ದ: ನೆಂಟರು ಬಂದಿದ್ದಾರೆ, ಮನೆಯ ಬೀಗದ ಕೈ ಕೊಡಿ, ಹೆರಿಗೆಯಾಯಿತು, ಹೆಣ್ಣು ಮಗು. ಆಗ ಟಾಕೀಸಿಗೆ ಟಾಕೀಸೇ ಶಿಳ್ಳೆ ಹೊಡೆಯುತ್ತಿತ್ತು. ಕೆಟ್ಟ ಸುದ್ದಿಯಾದರೆ ಕಾರಣವಿಲ್ಲ. ಇಂಥವರು ಹೊರಗೆ ಬರಬೇಕು, ಅಷ್ಟೇ. ಅದು ಊರಿಗೆಲ್ಲ ಗೊತ್ತಾಗಿಹೋಗಿತ್ತು. ಕಾರಣವಿಲ್ಲದ ಸ್ಲೈಡು ಬಿದ್ದೊಡನೆ ಗದ್ದಲ ನಿಂತು, ಕರೆಸಿಕೊಂಡವರು ಏಳುವ ಮೊದಲೇ ಸಾಲಿನವರೆಲ್ಲ ಕಾಲು ಮಡಚಿ ದಾರಿ ಬಿಡುತ್ತಿದ್ದರು. ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

ಗೇಟಿಗೆ ಸಾವಿನ ಸುದ್ದಿ ತಂದವರು ಯಾರೂ ಸತ್ತರು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸ್ವಲ್ಪ ಹುಷಾರಿಲ್ಲ ಎನ್ನುವರು, ಒಂದು ಸಲ ನೋಡಬೇಕಂತೆ ಎನ್ನುವರು, ಬೇಗ ಕಳಿಸಿಕೊಡಿ ಎಂದು ಮುಖ ಆಚೆ ತಿರುಗಿಸುವರು. ಮುಖ ತಿರುಗಿಸಿದರೆ ಮುಗಿದಿದೆ ಎಂದೇ ಅರ್ಥ. ಇಪ್ಪತ್ತು ವರ್ಷದಲ್ಲಿ ಮಸಿಯಣ್ಣನ ಊಹೆ ಒಂದು ಸಲವೂ ತಪ್ಪಿರಲಿಲ್ಲ, ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಅಂಥ ಸುದ್ದಿ ಬಂದಾಗ ಪರದೆಯ ಮೇಲೆ ನಗುವ ದೃಶ್ಯವಿದ್ದರೆ ಅದು ಮುಗಿಯುವ ತನಕ ಗಾಜನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದ. ಸತ್ತವರು ಇನ್ನೆಲ್ಲಿಗೂ ಹೋಗುವುದಿಲ್ಲವಲ್ಲ, ಇವರು ಇನ್ನೆರಡು ನಿಮಿಷ ನಗಲಿ ಎಂಬುದು ಅವನ ಲೆಕ್ಕಾಚಾರ. ಅವನು ಮಾಡುತ್ತಿದ್ದ ಒಂದೇ ಒಂದು ದಯೆ ಅದು.

ಹೆಂಡತಿಗೆ ಒಬ್ಬಳು ಅಕ್ಕ ಇದ್ದಳು. ತಾಯಿ ಹೋದ ಮೇಲೆ ತಂಗಿಗೆ ಉಣ್ಣಿಸಿ, ಜಡೆ ಹಾಕಿ, ಮದುವೆ ಮಾಡಿಕೊಟ್ಟವಳು ಅವಳೇ. ತಾನು ಒಂಟಿಯಾಗಿಯೇ ಉಳಿದಳು. ಮಾರುಕಟ್ಟೆ ದಾಟಿದರೆ ಬರುವ ಓಣಿಯಲ್ಲಿ, ಟೈಲರನ ಮನೆಗೆ ತಾಗಿದ ಮನೆ ಅವಳದು. ಬೆನ್ನು ನೋವಿನಿಂದ ಮೂರು ಗಂಟೆ ಕೂರಲಾಗದ ಅಕ್ಕನಿಗೆ ತಂಗಿಯ ಬಾಯೇ ಟಾಕೀಸು. ವಾರವಾರ ಮ್ಯಾಟಿನಿ ಬಿಟ್ಟೊಡನೆ ತಂಗಿ ನೇರ ಓಣಿಗೆ ಹೋಗಿ, ನಾಯಕನ ದನಿ, ಅತ್ತೆಯ ದನಿ, ಮಳೆ ಗುಡುಗು ಎಲ್ಲ ತಾನೇ ಆಗಿ ಕಥೆ ಹೇಳುವಳು. ಕೇಳಿದವರ ಹೊಟ್ಟೆ ಹುಣ್ಣಾಗಬೇಕು, ಹಾಗೆ ಹೇಳುವಳು.

ಅಕ್ಕ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು. ತಂಗಿ ಅಲ್ಲೇ ಇದ್ದು ನೋಡಿಕೊಳ್ಳುತ್ತ ನಗುವುದನ್ನೇ ಮರೆತಿದ್ದಳು. ಒಂದು ಭಾನುವಾರ ಅಕ್ಕನೇ ಗದರಿಸಿ ಕಳಿಸಿದಳು.

"ಹೋಗೇ, ನಗಿಸೋ ಸಿನಿಮಾ ಬಂದಿದೆಯಂತೆ. ನಿನ್ನ ಈ ಮುಖ ನೋಡಿ ನೋಡಿ ನನಗೆ ಸಾಕಾಯ್ತು. ಹೋಗಿ ನೋಡ್ಕೊಂಡು ಬಂದು ಹೇಳು."

ಆಟ ಶುರುವಾಗಿ ಒಂದು ಗಂಟೆಯಾಗಿರಬಹುದು. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ನೇತಾಡುತ್ತಿದ್ದಂತೆ ಟೈಲರ್ ಗೇಟಿಗೆ ಓಡಿ ಬಂದ.

"ಮಸಿಯಣ್ಣ, ಅಕ್ಕನಿಗೆ ಹುಷಾರಿಲ್ಲ. ತಂಗಿ ಬೇಕು ಅಂತಿದ್ದಾರೆ. ಬೇಗ ಕಳಿಸು," ಎಂದು ಮುಖ ತಿರುಗಿಸಿ, ಬಂದ ಹಾಗೇ ಹೊರಟುಹೋದ.

ಮುಗಿದಿದೆ ಎಂದುಕೊಂಡ ಮಸಿಯಣ್ಣ. ಮೇಲಿನ ಯಂತ್ರದ ಕೋಣೆಗೆ ಹತ್ತಿ, ದೀಪ ಹಚ್ಚಿ, ಗಾಜಿಗೆ ಮಸಿ ಹಿಡಿಸಿದ. ದಬ್ಬಣ ಎತ್ತುವ ಮೊದಲು ಗೋಡೆಯ ಕಿಂಡಿಯಿಂದ ಒಮ್ಮೆ ಬಾಲ್ಕನಿ ನೋಡಿದ. ಮೂರನೇ ಸಾಲಿನ ಅಂಚಿನ ಕುರ್ಚಿಯಲ್ಲಿ ಅವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು, ಪಕ್ಕದವಳ ಭುಜಕ್ಕೆ ಒರಗಿ ಬಿದ್ದು ಬಿದ್ದು ನಗುತ್ತಿದ್ದಳು. ಮೂರು ತಿಂಗಳ ಮೇಲೆ ಕಂಡ ನಗು. ಈ ದೃಶ್ಯ ಮುಗಿಯಲಿ ಎಂದುಕೊಂಡ. ಮುಗಿಯಿತು, ಇನ್ನೊಂದು ಬಂತು, ಅದೂ ನಗುವಿನದೇ. ಇಂಟರ್ವಲ್ ಆಗಲಿ ಎಂದುಕೊಂಡ. ಇಂಟರ್ವಲ್‌ನಲ್ಲಿ ದೀಪ ಹತ್ತಿದಾಗ ಅವಳು ಕಿಂಡಿಯ ಕಡೆ ತಿರುಗಿ ಕೈಬೀಸಿದಳು. ಒಂದು ಕೈಯಲ್ಲಿ ಖಾಲಿ ಮಸಿಗಾಜು ಹಿಡಿದುಕೊಂಡೇ ಅವನೂ ಕೈಬೀಸಿದ. ಆಮೇಲೆ ಅವನಿಂದ ಆಗಲೇ ಇಲ್ಲ.

ಬಿಡುವ ಗಂಟೆ ಹೊಡೆದ ಮೇಲೆ ಅವನೇ ಕೆಳಗಿಳಿದು, ಅಕ್ಕನ ಮನೆಗೆ ಹೋಗೋಣ ಬಾ ಎಂದ. ದಾರಿಯುದ್ದಕ್ಕೂ ಅವಳು ಅಕ್ಕನಿಗೆ ಹೇಳಬೇಕಾದ ಕಥೆಯನ್ನು ಅವನ ಮೇಲೆ ಪ್ರಯೋಗ ಮಾಡುತ್ತ ಬಂದಳು. ಅವನು ಸಾವಿನ ಮನೆಗೆ ಕರೆದೊಯ್ಯುತ್ತಿದ್ದೇನೆ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಅಕ್ಕನ ಕೈ ಇನ್ನೂ ಬೆಚ್ಚಗಿತ್ತು.

"ಈಗ, ಈಗಷ್ಟೇ," ಎಂದಳು ಪಕ್ಕದಲ್ಲಿ ಕೂತಿದ್ದ ಟೈಲರನ ಹೆಂಡತಿ. "ಮೂರು ಸಲ ಕೇಳಿದ್ರಮ್ಮ, ಸಿನಿಮಾ ಬಿಡ್ತಾ ಅಂತ. ಗಂಟೆ ಕೇಳಿಸಿದ ಮೇಲೆ, ಬಿಡ್ತು, ಇನ್ನೇನು ಬರ್ತಾಳೆ ಅಂದ್ರು. ಅಷ್ಟೇ."

ಟೈಲರ್ ಬಾಗಿಲಲ್ಲಿ ನಿಂತಿದ್ದ. "ನಾನು ಹೇಳಿ ಎರಡು ಗಂಟೆ ಆಯ್ತಲ್ಲ ಮಸಿಯಣ್ಣ," ಎಂದ. ಅವನು ಆಗ ಮುಖ ತಿರುಗಿಸಿದ್ದು ಕಣ್ಣೀರು ಕಾಣಬಾರದೆಂದು.

ಮೂರು ದಿನ ಬಿಟ್ಟು, ಊಟಕ್ಕೆ ಬಡಿಸುತ್ತಿರುವಾಗ ಹೆಂಡತಿ ಹೇಳಿದಳು: "ಊರಿಗೆಲ್ಲ ಬರೆದ್ರಿ. ನನಗೊಂದು ಬರೀಲಿಲ್ಲ."

"ನೀನು ನಗ್ತಿದ್ದೆ ಕಣೇ," ಎಂದ ಅವನು.

ಆ ಮಾತನ್ನು ಆಡಬಾರದಿತ್ತು. ಅಂದಿನಿಂದ ಅವಳು ಅವನೆದುರು ಏನಕ್ಕಾದರೂ ನಗಲು ಶುರುಮಾಡಿದರೆ ನಡುವೆಯೇ ನಿಲ್ಲಿಸಿಬಿಡುತ್ತಿದ್ದಳು. ಜಗಳವಿಲ್ಲ, ಕೋಪವಿಲ್ಲ, ಮಗಳನ್ನು ಬೆಳೆಸಿದಳು, ಅವನಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಸಿನಿಮಾದ ಮಾತು ಬಂದಾಗ ಮಾತ್ರ ಒಳಗೆ ಏನೋ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದಳು. ಕಥೆ ಹೇಳುವುದನ್ನಂತೂ ಬಿಟ್ಟೇಬಿಟ್ಟಳು. ಅವನಿಗೂ ತಪ್ಪಾಯಿತು ಎನ್ನುವ ಎರಡು ಮಾತು ಗಂಟಲಿಂದ ಈಚೆಗೆ ಬರಲಿಲ್ಲ. ಅಷ್ಟು ದೊಡ್ಡದಕ್ಕೆ ಅಷ್ಟು ಸಣ್ಣ ಮಾತು ಹೇಗೆ ಸಾಕಾದೀತು ಎಂದು ಮುಂದೂಡಿದ, ಮುಂದೂಡುವುದೇ ರೂಢಿಯಾಯಿತು.

ಟಾಕೀಸೂ ಅಷ್ಟರಲ್ಲಿ ಮೆತ್ತಗಾಗುತ್ತ ಬಂತು. ಮನೆಮನೆಗೆ ಟಿವಿ ಬಂದಾಗ ಮ್ಯಾಟಿನಿ ಬಡವಾಯಿತು. ಯಜಮಾನರು ತೀರಿಕೊಂಡಾಗ ಬೆಂಚುಗಳು ಹೋದವು, ತಿಗಣೆಗಳು ಕುರ್ಚಿಗೆ ಬಡ್ತಿ ಪಡೆದವು. ರೀಲು ಹೋಗಿ ಡಿಜಿಟಲ್ ಯಂತ್ರದ ಕಬ್ಬಿಣದ ಪೆಟ್ಟಿಗೆಯೊಂದು ಬಂದು ಕೂತಾಗ ಆಪರೇಟರ್ ಅದನ್ನು ಒಂದು ವಾರ ದಿಟ್ಟಿಸಿ ನೋಡಿ ಮಗನ ಊರಿಗೆ ಹೊರಟುಹೋದ. ಸ್ಲೈಡುಗಳನ್ನು ಯಾರೂ ನಿಲ್ಲಿಸಲಿಲ್ಲ, ತಾವಾಗಿ ನಿಂತವು. ಕೆಟ್ಟ ಸುದ್ದಿ ಈಗ ಜೇಬಿನಲ್ಲೇ ನಡುಗುತ್ತದೆ. ಯಾರೋ ಒಬ್ಬರು ಫೋನಿನ ಬೆಳಕಿನಲ್ಲಿ ತಟಕ್ಕನೆ ಎದ್ದು ಹೊರಡುತ್ತಾರೆ, ಪಕ್ಕದವರು ಕಾಲು ತುಳಿದರೆಂದು ಗೊಣಗುತ್ತಾರೆ. ಮಸಿಯಣ್ಣನ ಕೈಗೆ ಟಾರ್ಚು ಬಂತು. ಸ್ಲೈಡ್ ಯಂತ್ರವನ್ನು ಮಾತ್ರ ಅವನು ವಾರಕ್ಕೊಮ್ಮೆ ಒರೆಸಿ ಇಡುತ್ತಿದ್ದ. ಯಾಕೆ ಎಂದು ಯಾರೂ ಕೇಳಲಿಲ್ಲ.

ಮಂಗಳವಾರ ಅವನು ಮನೆಗೆ ಬಂದಾಗ ಹೆಂಡತಿ ಕಿಟಕಿಯ ಬಳಿ ಕೂತು ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು.

"ಭಾನುವಾರ ಕೊನೇ ಆಟವಂತೆ," ಎಂದ.

"ಹೂಂ."

"ಮನೆಯವರನ್ನ ಕರ್ಕೊಂಡು ಬನ್ನಿ ಅಂದ್ರು."

ಅವಳು ಹಲ್ಲಿನಿಂದ ದಾರ ಕತ್ತರಿಸಿ ಅಂಗಿ ಮಡಚಿಟ್ಟು ಒಳಗೆ ಹೋದಳು. ಬುಧವಾರ, ಗುರುವಾರ ಅದರ ಸೊಲ್ಲೆತ್ತಲಿಲ್ಲ. ಶುಕ್ರವಾರ ಮಗಳು ಬಂದು, ಒಂದು ಸಲ ಹೋಗಿ ಬಾರಮ್ಮ ಎಂದರೆ, ಹಾಲು ಉಕ್ಕುತ್ತದೆ ನೋಡು ಎಂದು ಮಾತು ಮರೆಸಿದಳು. ಶನಿವಾರ ಅವನು ಆಸೆ ಬಿಟ್ಟ. ಭಾನುವಾರ ಮಧ್ಯಾಹ್ನ ಅವನು ಚಪ್ಪಲಿ ಮೆಟ್ಟುತ್ತಿರುವಾಗ ಅವಳು ಹೊರಗೆ ಹೋಗುವ ಬಟ್ಟೆ ತೊಟ್ಟು ಬಂದು ನಿಂತಳು.

"ಬಾಲ್ಕನಿ ಇದೆಯಾ ಇನ್ನೂ?"

"ಇದೆ," ಎಂದ.

ಅಂಚೆ ಕಚೇರಿಯ ಸುತ್ತು ಹಾಕದೆ ಅವಳು ನೇರ ದಾರಿಯಲ್ಲೇ ನಡೆದಳು. ಬಾಲ್ಕನಿಗೆ ಹೋಗಿ ಮೂರನೇ ಸಾಲಿನ ಅಂಚಿನ ಕುರ್ಚಿಯ ಧೂಳನ್ನು ಕರವಸ್ತ್ರದಿಂದ ಒರೆಸಿ ಕೂತಳು.

ತಮಾಷೆಗೆ ಹಳೆಯ ಜಾಹೀರಾತಿನ ಸ್ಲೈಡು ಹಾಕಿ ಎಂದು ಯಜಮಾನರ ಮಗಳು ಹೇಳಿದ್ದರಿಂದ ಮಸಿಯಣ್ಣ ಯಂತ್ರ ಹೊತ್ತಿಸಿದ. 'ಹೇಳಿದ ದಿನಕ್ಕೆ ಬಟ್ಟೆ' ಎಂಬ ಟೈಲರನ ಗಾಜು ಬಿದ್ದಾಗ ವಯಸ್ಸಾದವರೆಲ್ಲ ಗೊಳ್ಳೆಂದರು; ಆ ಪುಣ್ಯಾತ್ಮ ಬದುಕಿದ್ದ ತನಕ ಹೇಳಿದ ದಿನಕ್ಕೆ ಒಂದು ಲಂಗೋಟಿಯನ್ನೂ ಕೊಟ್ಟವನಲ್ಲ. ಅವನು ಹೋಗಿ ಹನ್ನೊಂದು ವರ್ಷ. ಆಮೇಲೆ ಸಿನಿಮಾ ಶುರುವಾಯಿತು. ಮಸಿಯಣ್ಣ ಕಿಂಡಿಗೆ ಕಣ್ಣು ಹಚ್ಚಿ ನಿಂತ. ಎಷ್ಟೋ ಹೊತ್ತು ಅವಳು ಕಲ್ಲಿನ ಹಾಗೆ ಕೂತಿದ್ದಳು. ಸುಮಾರು ಒಂದು ಗಂಟೆಯ ಮೇಲೆ, ಇಬ್ಬರು ಕಳ್ಳರು ಒಂದೇ ಮಂಚದ ಕೆಳಗೆ ನುಸುಳಿ ಒಬ್ಬರನ್ನೊಬ್ಬರು ಪೊಲೀಸರೆಂದು ಹೆದರುವಾಗ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಕ್ಕವಳು ಅರ್ಧಕ್ಕೆ ನಿಲ್ಲಿಸಿ ಕಿಂಡಿಯ ಕಡೆ ತಿರುಗಿ ನೋಡಿದಳು.

ಆ ನೋಟವನ್ನು ಅವನಿಗೆ ತಡೆದುಕೊಳ್ಳಲು ಆಗಲಿಲ್ಲ. ಮೂಲೆಯಲ್ಲಿದ್ದ ಮೇಣದಬತ್ತಿ ಹಚ್ಚಿದ. ಟೈಲರನ ಗಾಜಿನ ಬಣ್ಣವನ್ನೇ ಕೆರೆದು ತೆಗೆದು ಮಸಿ ಹಿಡಿಸಿದ. ಇದರಿಂದ ಏನೂ ಆಗದೆಂದು ಅವನಿಗೆ ಗೊತ್ತಿತ್ತು. ಆದರೆ ಬಾಯಲ್ಲಿ ಬಾರದ ಮಾತಿಗೆ ಅವನಿಗೆ ಗೊತ್ತಿದ್ದದ್ದು ಅದೊಂದೇ ಬರವಣಿಗೆ. ದಬ್ಬಣದ ತುದಿಯಲ್ಲಿ ಬರೆದ: 'ಓಣಿಯ ಅಕ್ಕನ ತಂಗಿ ಹೊರಗೆ ಬರಬೇಕು.' ಕಾರಣ ಬರೆಯಲಿಲ್ಲ, ಹಾಗೇ ಯಂತ್ರಕ್ಕೆ ತೂರಿಸಿದ.

ಕೆಳಗೆ ಕೂತಿದ್ದ ಹುಡುಗರು ಇದೂ ತಮಾಷೆ ಎಂದುಕೊಂಡು ಶಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿದರು. ಬಾಲ್ಕನಿಯಲ್ಲಿದ್ದ ಹಳಬರು ಮಾತ್ರ ಥಟ್ಟನೆ ಸುಮ್ಮನಾಗಿ ಕಾಲು ಮಡಚಿಕೊಂಡರು. ಅವಳು ಎರಡು ಸಲ ಓದಿದಳು. ಆಮೇಲೆ ಎದ್ದು, ಬಗ್ಗಿ ಚಪ್ಪಲಿ ಕೈಗೆ ತೆಗೆದುಕೊಂಡು ಮೆಟ್ಟಿಲಿಳಿದಳು.

ಅವನು ಹಿಂಬದಿಯ ಕಬ್ಬಿಣದ ಏಣಿಯಿಂದ ಇಳಿದು ಬರುವಷ್ಟರಲ್ಲಿ ಅವಳು ಗೇಟಿನ ಬಳಿ ನಿಂತು ಅತ್ತಿತ್ತ ನೋಡುತ್ತಿದ್ದಳು. ಬಿಸಿಲಲ್ಲಿ ಬೀದಿ ಖಾಲಿಯಿತ್ತು.

"ಯಾರು ಬಂದಿದ್ರು?" ಎಂದಳು.

"ಟೈಲರ್ ಬಂದಿದ್ದ." ಅವನು ಓಣಿಯ ಕಡೆ ಕೈ ತೋರಿಸಿದ. "ಅಕ್ಕನಿಗೆ ಹುಷಾರಿಲ್ವಂತೆ. ನೀನು ಬೇಕು ಅಂತಿದ್ದಾರಂತೆ. ಬೇಗ ಹೋಗು."

ನಿಮಗೆ ಹುಚ್ಚೇ ಎಂದು ಅವಳು ಕೇಳಲಿಲ್ಲ. ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ನಂತರ ತಿರುಗಿ ನಡೆದಳು, ಮಾರುಕಟ್ಟೆಯ ಬಳಿ ಬಂದಾಗ ಓಡತೊಡಗಿದಳು. ಅರವತ್ತನಾಲ್ಕರ ಹೆಂಗಸು ಬರಿಗಾಲಲ್ಲಿ ಓಡುವುದನ್ನು ನೋಡಿ ಹಣ್ಣಿನ ಗಾಡಿಯವರು ದಾರಿ ಬಿಟ್ಟರು. ಅವನು ಹಿಂದೆಯೇ ಏದುಸಿರು ಬಿಡುತ್ತ ಕಾಲೆಳೆದುಕೊಂಡು ಹೋದ.

ಅಕ್ಕನ ಮನೆ ಈಗ ಇರಲಿಲ್ಲ. ಅಲ್ಲೊಂದು ಫೋನ್ ರಿಪೇರಿ ಅಂಗಡಿಯಿತ್ತು, ಭಾನುವಾರವಾದ್ದರಿಂದ ಶಟರ್ ಎಳೆದಿತ್ತು. ಬಾಗಿಲ ಮುಂದಿನ ಕಲ್ಲುಮೆಟ್ಟಿಲು ಮಾತ್ರ ಹಳೆಯದೇ. ಅವಳು ಅದರ ಮೇಲೆ ಕುಸಿದು ಕೂತು ಉಸಿರು ಸುಧಾರಿಸಿಕೊಂಡಳು.

"ಇಷ್ಟೇ ಹೊತ್ತು," ಎಂದಳು. "ಈ ವಯಸ್ಸಲ್ಲೂ ಇಷ್ಟೇ ಹೊತ್ತು ಹಿಡೀತು. ಅಕ್ಕ ಸಿಗ್ತಿದ್ದಳು ಕಣ್ರೀ."

"ಹೂಂ. ಸಿಗ್ತಿದ್ರು."

"ಕಾಯ್ತಾ ಇದ್ದಳು."

"ತಪ್ಪಾಯ್ತು ಕಣೇ," ಎಂದ ಮಸಿಯಣ್ಣ. ಇಪ್ಪತ್ತೇಳು ವರ್ಷ ಹಿಡಿದಿಟ್ಟದ್ದು ಅಷ್ಟು ಸಣ್ಣ ಮಾತಾಗಿಯೇ ಬಂತು.

"ಗೊತ್ತು," ಎಂದಳು ಅವಳು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಚಪ್ಪಲಿಗಳನ್ನು ಪಕ್ಕಕ್ಕಿಟ್ಟು, ಶಟರ್ ಕಡೆ ತಿರುಗಿ, ಅದರ ಮೇಲೆ ಅಂಗೈ ಊರಿ ಕೂತಳು. ಬಿಸಿಲು ಓಣಿಯ ಆಚೆ ಗೋಡೆಗೆ ಸರಿಯುವ ತನಕ ಕೂತೇ ಇದ್ದಳು. ಅವನು ಎರಡು ಮಾರು ದೂರದಲ್ಲಿ ಟೈಲರನ ಹಳೆಯ ಜಗಲಿಯ ಮೇಲೆ ಕೂತು ಕಣ್ಣೊರೆಸಿಕೊಂಡ. ಬೆರಳಿನ ಮಸಿಯೆಲ್ಲ ಕೆನ್ನೆಗೆ ಮೆತ್ತಿತು.

ಅವಳ ದನಿ ಕೇಳಿಸಿದಾಗ ತನ್ನೊಡನೆ ಮಾತಾಡುತ್ತಿದ್ದಾಳೆ ಎಂದು ಅವನು ತಲೆಯೆತ್ತಿದ. ಅವನೊಡನೆಯಲ್ಲ.

"ಒಬ್ಬ ಕಳ್ಳ ಇರ್ತಾನೆ ಅಕ್ಕ, ಬಡಕಲು. ಇನ್ನೊಬ್ಬ ಡುಮ್ಮ. ಇಬ್ಬರೂ ಒಂದೇ ಮನೆಗೆ ನುಗ್ತಾರೆ, ಒಬ್ಬ ಹಿತ್ತಿಲಿಂದ, ಒಬ್ಬ ಕಿಟಕಿಯಿಂದ." ಬಡಕಲನ ಕೀರಲು ದನಿ ಮಾಡಿದಳು, ಡುಮ್ಮನ ಗೊಗ್ಗರು ದನಿ ಮಾಡಿದಳು, ಮಂಚ ಕಿರುಗುಟ್ಟುವ ಸದ್ದನ್ನೂ ಮಾಡಿದಳು. ಮಂಚದ ಕೆಳಗೆ ಇಬ್ಬರೂ ಹೆದರಿ ಕೂತ ಜಾಗಕ್ಕೆ ಬಂದಾಗ ನಗು ಬಂತು. ಈ ಸಲ ಅವಳು ತಿರುಗಿ ನೋಡಲಿಲ್ಲ, ಪೂರ್ತಿ ನಕ್ಕಳು, ನಗುತ್ತಲೇ ದನಿ ಒಡೆದು ಅಳತೊಡಗಿದಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಶಟರಿಗೆ ಹೇಳಿದಳು:

"ಇಷ್ಟೇ ಅಕ್ಕ ನಾನು ನೋಡಿದ್ದು. ಅಷ್ಟರಲ್ಲಿ ಇವರು ಸ್ಲೈಡ್ ಹಾಕಿದ್ರು, ಬಿಟ್ಟು ಓಡಿ ಬಂದ್ಬಿಟ್ಟೆ."

ನಾಲ್ಕು ರಸ್ತೆಯ ಕಡೆಯಿಂದ ಆಟ ಬಿಟ್ಟ ಗಂಟೆ ಕೇಳಿಸಿತು. ಇಬ್ಬರೂ ಅದು ನಿಲ್ಲುವ ತನಕ ಅಲ್ಲೇ ಕೂತಿದ್ದರು.